ಸರಕಾರದ ಬಾಂಡ್: ಮಾತು ಕೊಟ್ಟವರು ಯಾರು?



"ಇದು ಸರಕಾರದ ಬಾಂಡ್, ಹಣ ಮುಳುಗುವ ಮಾತೇ ಇಲ್ಲ" ಎಂದು ಮನೆ ಹಿರಿಯರ ನಿವೃತ್ತಿ ಹಣಕ್ಕೆ ದಾರಿ ತೋರಿಸುವವರು ಎಲ್ಲ ಊರುಗಳಲ್ಲೂ ಇರುತ್ತಾರೆ. ಬಡ್ಡಿಯ ವ್ಯವಹಾರವೆಂಬ ಕಾರಣಕ್ಕೆ ನಮ್ಮಲ್ಲಿ ಅನೇಕರು ಅದರಿಂದ ದೂರವೇ ಇದ್ದಾರೆ. ಆದರೂ ಇದರ ಕಾನೂನು ನಮಗೆ ತಿಳಿದಿರಬೇಕು. ಸಾಲ ಮಾಡುವುದು ಸರಕಾರವಾದರೂ ತೀರಿಸುವುದು ನಮ್ಮ ತೆರಿಗೆ, ನೀರಿನ ಬಿಲ್ಲು, ಕರೆಂಟು ಬಿಲ್ಲುಗಳಿಂದ ತಾನೇ?

ಅಮೆರಿಕದ ರಾಜ್ಯಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಬಾಂಡ್‌ಗಳಿವೆ. ಒಂದಕ್ಕೆ ಸರಕಾರದ ತೆರಿಗೆ ಆದಾಯವೇ ಜಾಮೀನು. ಅಂಥ ಸಾಲಕ್ಕೆ ಅನೇಕ ರಾಜ್ಯಗಳ ಸಂವಿಧಾನಗಳು ಮಿತಿ ಹಾಕಿವೆ. ಕೆಲವೆಡೆ ಮತದಾರರ ಒಪ್ಪಿಗೆಯೂ ಬೇಕು. ಇನ್ನೊಂದು ರೆವೆನ್ಯೂ ಬಾಂಡ್. ಸೇತುವೆ ಕಟ್ಟಿದರೆ ಅದರ ಸುಂಕದಿಂದ, ನೀರು ಕೊಟ್ಟರೆ ಅದರ ಬಿಲ್ಲಿನಿಂದ ಮಾತ್ರ ಸಾಲ ತೀರಬೇಕು. ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ನಗರದ ನೀರಿನ ಯೋಜನೆಯ ಮೊಕದ್ದಮೆಯಲ್ಲಿ 1895ರಲ್ಲೇ ನ್ಯಾಯಾಲಯ, ಇಂಥ ಸಾಲ ನಗರದ ಸಾಲವಲ್ಲ, ಮಿತಿ ಅದಕ್ಕೆ ಅನ್ವಯಿಸದು ಎಂದಿತು. ಸರಕಾರಗಳಿಗೆ ಅನುಕೂಲವೇ ಆಯಿತು. ಆದರೆ ಯೋಜನೆ ಸೋತರೆ ಬಾಂಡ್ ಕೊಂಡವರ ಗತಿ?

ಅದಕ್ಕೆ ಉತ್ತರ ಸಿಕ್ಕಿದ್ದು ಅದೇ ರಾಜ್ಯದಲ್ಲಿ. ಅಲ್ಲಿನ ಸಾರ್ವಜನಿಕ ವಿದ್ಯುತ್ ಸಂಸ್ಥೆಯೊಂದು ಐದು ಅಣುಸ್ಥಾವರಗಳನ್ನು ಕಟ್ಟಲು ಹೊರಟಿತು. ನಾಲ್ಕನೆಯ ಮತ್ತು ಐದನೆಯ ಸ್ಥಾವರಗಳ ಬಾಂಡ್‌ಗೆ 88 ಸ್ಥಳೀಯ ವಿದ್ಯುತ್ ಸಂಸ್ಥೆಗಳು, ಕರೆಂಟು ಬಂದರೂ ಬಾರದಿದ್ದರೂ ಹಣ ಕೊಡುತ್ತೇವೆಂದು ಕರಾರು ಬರೆದುಕೊಟ್ಟವು. ಮನೆ ಕಟ್ಟುವ ಮೊದಲೇ ಬಾಡಿಗೆ ಒಪ್ಪಿಕೊಂಡ ಹಾಗೆ! ಖರ್ಚು ಕೈಮೀರಿ 1982ರ ಜನವರಿಯಲ್ಲಿ ಆ ಎರಡೂ ಸ್ಥಾವರಗಳ ಕೆಲಸವನ್ನು ಕೈಬಿಡಲಾಯಿತು. 1983ರ ಜೂನ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್, ಅಂಥ ಕರಾರಿಗೆ ಸಹಿ ಹಾಕುವ ಅಧಿಕಾರವೇ ರಾಜ್ಯದ ಆ ಸ್ಥಳೀಯ ಸಂಸ್ಥೆಗಳಿಗೆ ಇರಲಿಲ್ಲ ಎಂದು ತೀರ್ಪಿತ್ತಿತು. ಹೆಂಡತಿಯ ಒಡವೆಯನ್ನು ಗಂಡ ಅವಳನ್ನು ಕೇಳದೆ ಅಡವಿಟ್ಟರೆ ಆ ಸಹಿಗೆ ಏನು ಬೆಲೆ? ಮುಂದಿನ ತಿಂಗಳೇ 225 ಕೋಟಿ ಡಾಲರ್ ಸಾಲ ಬಾಕಿ ಬಿತ್ತು. ಬಾಂಡ್ ಕೊಂಡವರಲ್ಲಿ ಸಣ್ಣ ಉಳಿತಾಯದ ಸಾಮಾನ್ಯರೂ ಇದ್ದರು. 1988ರಲ್ಲಿ ನಡೆದ ರಾಜಿಯಲ್ಲಿ ಅವರಿಗೆಲ್ಲ ಸೇರಿ ಸಿಕ್ಕಿದ್ದು ಸುಮಾರು 75 ಕೋಟಿ ಡಾಲರ್. ಮೊದಲ ಮೂರು ಸ್ಥಾವರಗಳ ಬಾಂಡ್‌ಗೆ ಕೇಂದ್ರ ಸರಕಾರದ ಸಂಸ್ಥೆಯ ಬೆಂಬಲವಿತ್ತು, ಅವು ಉಳಿದುಕೊಂಡವು. ಬಾಂಡ್ ಹೊರಡಿಸಿದವರು ಒಬ್ಬರೇ, ಹಿಂದೆ ನಿಂತವರು ಬೇರೆ.

ನಮ್ಮ ದೇಶದಲ್ಲಿ ಕಾನೂನು ಬೇರೆ. ಸಂವಿಧಾನದ 293ನೇ ವಿಧಿಯಂತೆ ರಾಜ್ಯ ಸರಕಾರವು ತನ್ನ ಸಂಚಿತ ನಿಧಿಯ ಭದ್ರತೆಯ ಮೇಲೆ ಭಾರತದೊಳಗೆ ಮಾತ್ರ ಸಾಲ ಎತ್ತಬಹುದು. ಕೇಂದ್ರದ ಸಾಲ ಬಾಕಿಯಿದ್ದರೆ ಕೇಂದ್ರದ ಒಪ್ಪಿಗೆಯೂ ಬೇಕು. ನಿಗಮಗಳು, ನಗರಪಾಲಿಕೆಗಳು ಹೊರಡಿಸುವ ಬಾಂಡ್‌ನ ಕಥೆ ಹಾಗಲ್ಲ. ಸರಕಾರ ಬರಹದಲ್ಲಿ ಖಾತರಿ ಕೊಟ್ಟರಷ್ಟೇ ಅದಕ್ಕೆ ಸರಕಾರ ಹೊಣೆ. 1997ರಲ್ಲಿ ಬೆಂಗಳೂರು ಮಹಾನಗರಪಾಲಿಕೆ 125 ಕೋಟಿ ರೂಪಾಯಿ ಬಾಂಡ್ ಹೊರಡಿಸಿದಾಗ ರಾಜ್ಯದ ಖಾತರಿ ಇತ್ತು. ಮರುವರ್ಷ ಅಹಮದಾಬಾದ್ ಪಾಲಿಕೆ 100 ಕೋಟಿ ಎತ್ತಿದಾಗ ಇರಲಿಲ್ಲ. ಇಂಥ ಖಾತರಿಗಳಿಗೂ ಮಿತಿ ಬೇಕೆಂದು ಕರ್ನಾಟಕ 1999ರಲ್ಲಿ ಕಾಯ್ದೆಯನ್ನೇ ಮಾಡಿತು.

ಮನೆಗೆ ಯಾರಾದರೂ ಕಾಗದ ಹಿಡಿದು ಬಂದರೆ ಚಹಾ ಕೊಡಿ, ಆದರೆ ಸಹಿಗೆ ಅವಸರ ಬೇಡ. ಹೊರಡಿಸಿದ್ದು ಸರಕಾರವೇ ಅಥವಾ ಅದರ ನಿಗಮವೇ, ಹಣ ಯಾವ ಆದಾಯದಿಂದ ಮರಳುತ್ತದೆ, ಖಾತರಿ ಯಾವ ಪುಟದಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಹೇಳಿ.