ಪಾಸ್‌ವರ್ಡ್ ಸರಿ, ಆದ್ರೂ ಒಳಗೆ ಬಿಡ್ತಿಲ್ಲ

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿತಲ್ಲ, ಆಮೇಲೆ ಅಪ್ಪನ ಹಳೇ ಲ್ಯಾಪ್‌ಟಾಪ್‌ಗೆ ಡೆಬಿಯನ್ ಲಿನಕ್ಸ್ ಹಾಕಿಕೊಟ್ಟೆ. ಊರಲ್ಲಿ ನೆಟ್ ನಿಧಾನ ಅಂತ ಇನ್‌ಸ್ಟಾಲ್ ಮಾಡುವಾಗ ಡೆಸ್ಕ್‌ಟಾಪ್ ಮುಂದಿನ ಟಿಕ್ ತೆಗೆದುಬಿಟ್ಟಿದ್ದೆ. ಆನ್ ಮಾಡಿದರೆ ಕಪ್ಪು ಪರದೆ, ಮೂಲೆಯಲ್ಲಿ 'ಲಾಗಿನ್' ಅನ್ನೋ ಒಂದೇ ಪದ.

"ಮೌಸ್ ಎಲ್ಲೋ?" ಅಂದರು ಅಪ್ಪ.

ಲಿನಕ್ಸ್‌ನಲ್ಲಿ ಕಿಟಕಿ, ಬಣ್ಣ, ಮೌಸ್ ಎಲ್ಲ ಮೇಲಿನ ಪದರಗಳು. ಕೆಳಗಿನ ವ್ಯವಸ್ಥೆ ಅವಿಲ್ಲದೆಯೂ ನಡೆಯುತ್ತೆ. ಚಿತ್ರ ಬಿಡಿಸೋದು ಒಂದು ಪ್ರೋಗ್ರಾಂ, ಹೆಸರು-ಪಾಸ್‌ವರ್ಡ್ ಕೇಳೋದು ಇನ್ನೊಂದು, ಒಳಗಿನ ಡೆಸ್ಕ್‌ಟಾಪ್ ಮತ್ತೊಂದು. ರೂಟ್ ಆಗಿ ಲಾಗಿನ್ ಆಗಿ 'ಟಾಸ್ಕ್‌ಸೆಲ್' ಅಂತ ಕೊಟ್ಟೆ. ಬಂದ ಪಟ್ಟಿಯಲ್ಲಿ ಎಕ್ಸ್‌ಎಫ್‌ಸಿಇ ಆರಿಸಿದೆ. ಹಳೇ ಯಂತ್ರಕ್ಕೆ ಅದು ಹಗುರ. ಲಾಗಿನ್ ಕೇಳುವ ಲೈಟ್‌ಡಿಎಂ ಅದರ ಜೊತೆಗೇ ಬಂತು. ರೀಸ್ಟಾರ್ಟ್ ಮಾಡಿದ ಮೇಲೆ ಅಪ್ಪನಿಗೆ ಮೌಸ್ ಸಿಕ್ಕಿತು, ನಾನು ಬೆಂಗಳೂರಿಗೆ ಬಸ್ ಹತ್ತಿದೆ.

ವಾರದ ಮೇಲೆ ಫೋನ್. "ಪಾಸ್‌ವರ್ಡ್ ಹಾಕ್ತೀನಿ, ಪರದೆ ಒಮ್ಮೆ ಕಪ್ಪಾಗಿ ಮತ್ತೆ ಪಾಸ್‌ವರ್ಡೇ ಕೇಳುತ್ತೆ. ಅಂಗಡಿಯವನು ಫಾರ್ಮ್ಯಾಟ್ ಮಾಡಬೇಕು ಅಂತಾನೆ. ಅಜ್ಜಿ ಫೋಟೊಗಳೆಲ್ಲ ಇದರಲ್ಲೇ ಇವೆ ಕಣೋ."

ನಂಗೆ ಎದೆ ಧಸಕ್ ಅಂತು. ಆದರೆ ಪಾಸ್‌ವರ್ಡ್ ತಪ್ಪಾಗಿದ್ದರೆ ತಪ್ಪು ಅಂತಲೇ ಹೇಳಬೇಕಿತ್ತು. ಇಲ್ಲಿ ಒಳಗೆ ಬಿಟ್ಟು ಹೊರಗೆ ತಳ್ಳುತ್ತಿದೆ. ಅಂದರೆ ಡೆಸ್ಕ್‌ಟಾಪ್ ಏಳೋಕೆ ಹೋಗಿ ಬೀಳ್ತಿದೆ.

"ಕಂಟ್ರೋಲ್, ಆಲ್ಟ್, ಎಫ್3, ಮೂರೂ ಒಟ್ಟಿಗೆ ಒತ್ತಿ ಅಪ್ಪ." ಅದೇ ಹಳೇ ಕಪ್ಪು ಪರದೆ ಬಂತು. ರೂಟ್ ಹೆಸರಲ್ಲಿ ಲಾಗಿನ್ ಆಯಿತು. ಡಿ, ಎಫ್, ಸ್ಪೇಸ್, ಮೈನಸ್, ಹೆಚ್ ಅಂತ ಒಂದೊಂದೇ ಅಕ್ಷರ ಹೇಳಿ ಟೈಪ್ ಮಾಡಿಸಿದೆ.

"ಒಂದು ಸಾಲಲ್ಲಿ ನೂರು ಪರ್ಸೆಂಟ್ ಅಂತಿದೆ."

ಡಿಸ್ಕ್ ತುಂಬಿತ್ತು! ಡೆಸ್ಕ್‌ಟಾಪ್ ಶುರುವಾಗುವಾಗ ನಮ್ಮ ಫೋಲ್ಡರಿನಲ್ಲಿ ಕೆಲವು ಸಣ್ಣ ಫೈಲ್ ಬರೀಬೇಕು. ಅದಕ್ಕೆ ಜಾಗ ಇಲ್ಲದಿದ್ದರೆ ವಾಪಸ್ ಲಾಗಿನ್ ಪರದೆಗೇ ಬಂದು ಬೀಳುತ್ತೆ. ಪೆನ್‌ಡ್ರೈವ್‌ನಿಂದ ಫೋಟೊ ಕಾಪಿ ಮಾಡುವಾಗ ಕರೆಂಟ್ ಹೋಗಿ, ಅಪ್ಪ ಇನ್ನೊಂದು ಫೋಲ್ಡರಿಗೆ ಮೊದಲಿಂದ ಕಾಪಿ ಹಾಕಿದ್ದರಂತೆ. (ಬ್ಯಾಟರಿ ಸತ್ತು ಎರಡು ವರ್ಷ ಆಯ್ತು, ಬದಲಾಯಿಸಿಕೊಡದವನು ನಾನೇ.)

ಒಂದು ಫೋಲ್ಡರ್ ಅಳಿಸಿ ಅನ್ನೋಕೆ ಬಾಯಿ ತೆರೆದವನು ಸುಮ್ಮನಾದೆ. ಬದಲಿಗೆ 'ಎಪಿಟಿ ಕ್ಲೀನ್' ಹೊಡೆಸಿದೆ. ಅದು ಇನ್‌ಸ್ಟಾಲ್ ಆದ ಮೇಲೂ ಉಳಿದಿರುವ ಡೌನ್‌ಲೋಡ್ ಫೈಲ್‌ಗಳನ್ನಷ್ಟೇ ತೆಗೆಯುತ್ತೆ, ಫೋಟೊ ಮುಟ್ಟಲ್ಲ. ಕಂಟ್ರೋಲ್, ಆಲ್ಟ್, ಎಫ್7 ಒತ್ತಿ ಲಾಗಿನ್ ಪರದೆಗೆ ಮರಳಿದ್ದೇ ತಡ, "ಬಂತು ಬಂತು" ಅಂದರು.

ಹಬ್ಬಕ್ಕೆ ಹೋದಾಗ ಎರಡೂ ಫೋಲ್ಡರ್ ಪಕ್ಕಪಕ್ಕ ತೆರೆದು ನೋಡಿದೆ. ಮೊದಲನೆಯದರಲ್ಲಿ ಅಜ್ಜಿ ಫೋಟೊ ಅರ್ಧಕ್ಕರ್ಧ ಇರಲಿಲ್ಲ. ಅದನ್ನು ಅಳಿಸಿ, ಉಳಿದದ್ದನ್ನು ಎಕ್ಸ್‌ಟರ್ನಲ್ ಡಿಸ್ಕಿಗೂ ಒಂದು ಪ್ರತಿ ಹಾಕಿ ಬಂದೆ.