ಸಿರಿಗೇರಿ ಸೀಮೆಗೆ ಉಪಶಮನ ಶುಶ್ರೂಷೆ

“ಇನ್ನು ನಮ್ಮ ಕೈಯಲ್ಲಿಲ್ಲ, ಮನೆಗೆ ಕರೆದುಕೊಂಡು ಹೋಗಿರಿ” ಎಂಬ ಮಾತನ್ನು ಕೇಳಿ ದೊಡ್ಡ ಆಸ್ಪತ್ರೆಯ ಮೆಟ್ಟಿಲಿಳಿದ ರೋಗಿಯ ಮುಂದಿನ ಗತಿಯೇನೆಂಬುದನ್ನು ನಮ್ಮ ವಾಚಕರಲ್ಲಿ ಎಷ್ಟು ಮಂದಿ ವಿಚಾರಿಸಿರುವರು? ಕ್ಯಾನ್ಸರ್ ಉಲ್ಬಣಿಸಿದವನು, ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದವಳು, ಮೂತ್ರಪಿಂಡ ಕೆಟ್ಟ ವೃದ್ಧನು, ಇವರೆಲ್ಲರೂ ಸಿರಿಗೇರಿಯಂಥ ಊರಿಗೆ ಮರಳಿ ಮನೆಯ ಒಂದು ಮೂಲೆಯನ್ನು ಸೇರುವರು. ತುಂಗಭದ್ರೆಯ ಕಾಲುವೆಗೆ ನೀರು ಬಂದು ಭತ್ತದ ನಾಟಿ ಮೊದಲಾಯಿತೆಂದರೆ ಮನೆಮಂದಿಯೆಲ್ಲ ಗದ್ದೆಗೆ ಹೋಗಲೇಬೇಕು. ನರಳುವ ಜೀವಕ್ಕೆ ಹಗಲೆಲ್ಲ ತಲೆದೆಸೆಯ ತಂಬಿಗೆ ನೀರೊಂದೇ ಜೊತೆ.

ರೋಗವನ್ನು ನೀಗಲಾಗದಿದ್ದರೂ ನೋವನ್ನು ನೀಗಬಹುದೆಂಬುದು ಈಗ ವಿವಾದಾತೀತವಾದ ವಿಷಯ. ಸಿಸಿಲಿ ಸಾಂಡರ್ಸ್ ಎಂಬ ವೈದ್ಯಮಹಿಳೆಯು 1967ರಲ್ಲಿ ಲಂಡನ್ನಿನಲ್ಲಿ ತೆರೆದ ಸೇಂಟ್ ಕ್ರಿಸ್ಟೋಫರ್ಸ್ ಶುಶ್ರೂಷಾಲಯವು ಇದಕ್ಕೆ ದಾರಿ ತೋರಿತು. ಮುಂಬಯಿಯಲ್ಲಿ 1986ರಲ್ಲಿ ಶಾಂತಿ ಅವೇದನಾ ಸದನವು ಆರಂಭವಾಯಿತು. ಬೆಂಗಳೂರಿನಲ್ಲಿ 1994ರಲ್ಲಿ ಹುಟ್ಟಿದ ಹಾಸ್ಪಿಸ್ ಟ್ರಸ್ಟು ಕರುಣಾಶ್ರಯವನ್ನು ಕಟ್ಟಿತು. ಕೇಂದ್ರ ಸರಕಾರವು 2012ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವನ್ನೇ ರೂಪಿಸಿತು. ಇಷ್ಟಾದರೂ ಇಂಥ ಆರೈಕೆ ಬೇಕಾದವರಲ್ಲಿ ಅದು ದೊರೆಯುವುದು ಜಗತ್ತಿನಲ್ಲಿ ನೂರಕ್ಕೆ ಸುಮಾರು 14 ಜನಕ್ಕೆ ಮಾತ್ರವೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳಿದೆ. ನಮ್ಮ ಹಳ್ಳಿಗಳ ಪಾಲು ಅದರಲ್ಲಿ ಎಷ್ಟಿದ್ದೀತೆಂಬುದನ್ನು ವಾಚಕರೇ ಊಹಿಸಬಹುದು.

ಆದುದರಿಂದ ಸಿರಿಗೇರಿಯನ್ನು ನಡುವಾಗಿಟ್ಟುಕೊಂಡು, ಸಿರುಗುಪ್ಪ ಕುರುಗೋಡು ತಾಲೂಕುಗಳ ಸುತ್ತಣ ಹಳ್ಳಿಗಳಿಗೆ ಈ ಶುಶ್ರೂಷೆಯನ್ನು ಏರ್ಪಡಿಸಬೇಕೆಂದು ನಾವು ಜಿಲ್ಲೆಯ ಅಧಿಕಾರಿಗಳಿಗೂ ಪಂಚಾಯತಿಗಳ ಪ್ರಮುಖರಿಗೂ ಸೂಚಿಸುತ್ತೇವೆ. ಆದರೆ ಒಂದು ಎಚ್ಚರಿಕೆ. ನಮ್ಮಲ್ಲಿ ಸತ್ಕಾರ್ಯವೆಂದರೆ ಮೊದಲು ಶಿಲಾನ್ಯಾಸ, ಆಮೇಲೆ ಕಟ್ಟಡ, ಅದರ ಮೇಲೆ ದಾನಿಗಳ ಹೆಸರು. ಕೆಲಸ ಮಾಡುವವರ ಸಂಬಳದ ಮಾತು ಬರುವ ಹೊತ್ತಿಗೆ ಹಣವು ಮುಗಿದಿರುತ್ತದೆ. ಏಳಲಾರದ ರೋಗಿಯು ಕಟ್ಟಡಕ್ಕೆ ಬರಲಾರನು. ಶುಶ್ರೂಷೆಯೇ ಅವನ ಮಂಚದ ಬಳಿಗೆ ಹೋಗಬೇಕು. ಕೇರಳದವರು ಇದನ್ನು ಬೇಗನೆ ಅರಿತರು. 1993ರಲ್ಲಿ ಕೋಳಿಕೋಡಿನಲ್ಲಿ ಕೆಲವರು ವೈದ್ಯರು ಆರಂಭಿಸಿದ ಕಾರ್ಯವನ್ನು ಊರಿನ ಸ್ವಯಂಸೇವಕರು ಎತ್ತಿಕೊಂಡರು. 2008ರಲ್ಲಿ ಅಲ್ಲಿನ ಸರಕಾರವು ಅದನ್ನು ನೀತಿಯನ್ನಾಗಿ ಮಾಡಿ, ಮನೆಮನೆಗೆ ಹೋಗುವ ದಾದಿಯರ ಹೊಣೆಯನ್ನು ಪಂಚಾಯತಿಗಳಿಗೆ ವಹಿಸಿತು.

ಇಲ್ಲಿನ ಕೆಲಸದ ಕ್ರಮವನ್ನು ಮೊದಲೇ ಕಾಗದದ ಮೇಲೆ ಲೆಕ್ಕಹಾಕಬೇಕು. ಆಶಾ ಕಾರ್ಯಕರ್ತೆಯರಿಂದ ಹಾಸಿಗೆ ಹಿಡಿದವರ ಪಟ್ಟಿಯಾಗಲಿ. ತರಬೇತಿ ಹೊಂದಿದ ದಾದಿಯೊಬ್ಬಳು ಒಂದು ವಾಹನದಲ್ಲಿ ದಿನಕ್ಕೆ 6 ಮನೆಗಳಂತೆ ವಾರಕ್ಕೆ 4 ದಿನ ತಿರುಗಿದರೆ 24 ಭೇಟಿಗಳಾದವು. ವಾರಕ್ಕೊಮ್ಮೆ ನೋಡಬೇಕಾದವರು 12 ಮಂದಿ, ಹದಿನೈದು ದಿನಕ್ಕೊಮ್ಮೆ ಸಾಕೆನ್ನುವವರು 24 ಮಂದಿ, ಅಂತೂ 36 ರೋಗಿಗಳನ್ನು ಒಬ್ಬಳು ನೋಡಬಹುದು. ಐದನೆಯ ದಿನವು ವೈದ್ಯರೊಡನೆ ಸಮಾಲೋಚನೆಗೆ, ಔಷಧದ ಲೆಕ್ಕಕ್ಕೆ. ಮಳೆಗಾಲದಲ್ಲಿ ಎರೆಮಣ್ಣಿನ ದಾರಿಗೆ ವಾಹನವು ಇಳಿಯದ ಕಡೆ ಯಾರು ನಡೆದು ಹೋಗುವರು, ನಡುರಾತ್ರಿ ನೋವು ಹೆಚ್ಚಿದರೆ ಯಾರಿಗೆ ದೂರವಾಣಿ ಮಾಡಬೇಕು, ದಾದಿಯು ರಜೆಯಲ್ಲಿದ್ದರೆ ಬದಲಿಗೆ ಯಾರು, ಇವೆಲ್ಲವೂ ಮೊದಲ ದಿನವೇ ಗೊತ್ತಾಗಿರಬೇಕು. ಹುಣ್ಣು ತೊಳೆಯುವುದನ್ನೂ, ಬೆನ್ನು ಒಡೆಯದಂತೆ ಮಗ್ಗುಲು ಬದಲಿಸುವುದನ್ನೂ ಮನೆಯ ಹೆಂಗಸರಿಗೆ ಮಾತ್ರವೇ ಅಲ್ಲ, ಗಂಡಸರಿಗೂ ಕಲಿಸಬೇಕು. ರೋಗಿಯು ತೀರಿಕೊಂಡ ಮೇಲೆ ಒಮ್ಮೆ ಆ ಮನೆಗೆ ಹೋಗಿ ಮಾತನಾಡಿಸಿ, ಉಳಿದ ಔಷಧವನ್ನು ಎಣಿಸಿ ಹಿಂದಕ್ಕೆ ಪಡೆದ ನಂತರವೇ ಆ ಪುಟವನ್ನು ಮುಗಿಸಬೇಕು.

ಔಷಧಗಳಲ್ಲಿ ಮುಖ್ಯವಾದುದು ಮಾರ್ಫೀನು. ಅಫೀಮಿನಿಂದ ಬರುವ ಈ ಮದ್ದಿನ ಹೆಸರೆತ್ತಿದರೆ ಅಧಿಕಾರಿವರ್ಗವು ಬೆಚ್ಚುವುದುಂಟು. ವಿಪರ್ಯಾಸವನ್ನು ನೋಡಿರಿ! ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರಕಾರದ ಪರವಾನಗಿಯಿಂದಲೇ ಅಫೀಮು ಬೆಳೆದು ಪರದೇಶಗಳಿಗೆ ಕಳುಹಿಸಿದ ದೇಶದಲ್ಲಿ, 1985ರ ಮಾದಕದ್ರವ್ಯಗಳ ಕಾಯಿದೆಯ ಬಿಗಿಯಿಂದಾಗಿ ಸ್ವದೇಶದ ರೋಗಿಗೆ ಒಂದು ಗುಳಿಗೆಯೂ ದುರ್ಲಭವಾಯಿತು. 2014ರ ತಿದ್ದುಪಡಿಯು ಆ ತೊಡಕನ್ನು ಸಡಿಲಿಸಿ, ಮಾನ್ಯತೆ ಪಡೆದ ವೈದ್ಯಸಂಸ್ಥೆಗಳಿಗೆ ದಾರಿಯನ್ನು ಸುಗಮಗೊಳಿಸಿದೆ. ತರಬೇತಾದ ವೈದ್ಯ, ಬೀಗವುಳ್ಳ ಕಪಾಟು, ಗುಳಿಗೆ ಗುಳಿಗೆಯ ಲೆಕ್ಕ, ಇವು ಇದ್ದಲ್ಲಿ ಭಯಕ್ಕೆ ಕಾರಣವಿಲ್ಲ. ಕಾಯಿದೆಯು ಬದಲಾದರೂ ಕಚೇರಿಯ ಅಂಜಿಕೆಯು ಬದಲಾಗದಿದ್ದರೆ ಅದರ ದಂಡವನ್ನು ತೆರುವವನು ರೋಗಿಯೇ.

ನೋವು ಪ್ರಾರಬ್ಧ, ಅನುಭವಿಸಿಯೇ ತೀರಬೇಕು ಎನ್ನುವವರೂ ಉಂಟು. ದಾಸೋಹದ ಈ ನಾಡಿನಲ್ಲಿ ಹಸಿದು ಬಂದವನಿಗೆ ಎಲೆ ಹಾಕುವಾಗ ಯಾರೂ ಅವನ ಪ್ರಾರಬ್ಧವನ್ನು ಗುಣಿಸುವುದಿಲ್ಲ. ಸೇವಾಗ್ರಾಮದಲ್ಲಿ ಗಾಂಧೀಜಿಯವರು ಕುಷ್ಠರೋಗಿಯಾದ ಪರಚುರೆ ಶಾಸ್ತ್ರಿಗಳಿಗೆ ತಮ್ಮ ಕುಟೀರದ ಸಮೀಪದಲ್ಲಿಯೇ ಗುಡಿಸಲು ಕಟ್ಟಿಸಿ, ಅವರ ವ್ರಣಗಳನ್ನು ಸ್ವಹಸ್ತದಿಂದ ತೊಳೆದರು. ದೇಶದ ಮಹಾಕಾರ್ಯಗಳ ನಡುವೆ ಅವರಿಗೆ ಅದಕ್ಕೂ ಹೊತ್ತಿತ್ತು.

ಸ್ವರಾಜ್ಯದಲ್ಲಿ ಬಡವನಿಗೆ ಬದುಕುವ ಹಕ್ಕಿನಂತೆಯೇ ನರಳದೆ ಸಾಯುವ ಹಕ್ಕೂ ಉಂಟು. ಜಿಲ್ಲೆಯ ಆಡಳಿತವು ಬರುವ ಮುಂಗಡಪತ್ರದಲ್ಲಿ ಒಬ್ಬ ದಾದಿಯ, ಒಂದು ವಾಹನದ, ಔಷಧದ ವೆಚ್ಚವನ್ನು ಪ್ರತಿವರ್ಷ ನಡೆಯುವ ಬಾಬಾಗಿ ನಮೂದಿಸಲಿ. ಊರಿನ ವಿದ್ಯಾವಂತರು ವಾರದಲ್ಲಿ ಎರಡು ಗಂಟೆಯನ್ನು ನೆರೆಮನೆಯ ರೋಗಿಗೆ ಮೀಸಲಿಡಲಿ. ಈ ಎರಡೂ ಬರುವ ನಾಟಿಯ ಹಂಗಾಮಿಗೆ ಮುಂಚೆಯೇ ಆಗಬೇಕೆಂಬುದು ನಮ್ಮ ಬಿನ್ನಹ. ಮಂಚದ ಮೇಲಿರುವವರಿಗೆ ಕಾಯಲು ಹೆಚ್ಚು ದಿನಗಳಿಲ್ಲ.