ಕರೆಂಟ್ ಬಿಲ್ ಓದಿ, ಆಮೇಲೆ ಪೈಪೋಟಿಗೆ ಚಪ್ಪಾಳೆ ತಟ್ಟಿ!

ಪ್ರೆಸ್ ನಡೆಸುವ ನಾನು ಕಲಿತ ಪಾಠ ಒಂದಿದೆ. ಪುಟಕ್ಕಿಷ್ಟು ಎಂದು ಅಗ್ಗದ ದರ ಹೇಳುವವನನ್ನು ಸುಮ್ಮನೆ ನಂಬಬೇಡಿ. ಪ್ಲೇಟು ಬೇರೆ, ಕಾಗದ ಬೇರೆ, ಬೈಂಡಿಂಗ್ ಬೇರೆ ಅಂತ ಸೇರಿಸಿ ಕೊನೆಗೆ ಅವನ ಬಿಲ್ಲೇ ದೊಡ್ಡದಾಗುತ್ತದೆ. ಕರೆಂಟಿನ ಕಥೆಯೂ ಇದೇ.

ನಿಮ್ಮಲ್ಲಿ ಎಷ್ಟು ಜನ ಮನೆಯ ಕರೆಂಟ್ ಬಿಲ್ ಓದಿದ್ದೀರಿ? ಮೊಬೈಲಿನಲ್ಲಿ ಮೊತ್ತ ನೋಡಿ ಹಣ ಕಟ್ಟುವುದು ಓದಿದಂತಲ್ಲ! 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಸೊನ್ನೆ ಬಿಲ್ಲಿನ ಮನೆಗಳಲ್ಲಿ ಅದನ್ನು ನೋಡುವವರೇ ಕಡಿಮೆ. ಆ ಹಣ ತುಂಬುವುದು ಸರ್ಕಾರದ ಬೊಕ್ಕಸ, ಅಂದರೆ ನಮ್ಮದೇ ತೆರಿಗೆ. ತಿಂಗಳಿಗೆ 200 ಯೂನಿಟ್ ದಾಟಿತೋ, ಪೂರಾ ಬಿಲ್ ನಿಮ್ಮ ತಲೆಗೆ.

ಲೆಕ್ಕ ಹಾಕೋಣ. 2025-26ರ ದರ, 2 ಕಿಲೋವಾಟ್ ಮಂಜೂರಾದ ಮನೆ, ಬಳಕೆ 250 ಯೂನಿಟ್. ಕಿಲೋವಾಟಿಗೆ 145ರಂತೆ ನಿಗದಿತ ಶುಲ್ಕ 290 ರೂಪಾಯಿ. ಸ್ವಿಚ್ ಹಾಕದಿದ್ದರೂ ಇದನ್ನು ಕಟ್ಟಲೇಬೇಕು. ಯೂನಿಟ್ಟಿಗೆ 5.80ರಂತೆ ಕರೆಂಟಿನ ಬೆಲೆ 1,450. ವಿದ್ಯುತ್ ನೌಕರರ ಪಿಂಚಣಿ, ಗ್ರಾಚ್ಯುಟಿಗೆಂದು ಯೂನಿಟ್ಟಿಗೆ 36 ಪೈಸೆ, ಅಂದರೆ 90. ಕರೆಂಟಿನ ಬೆಲೆಯ ಮೇಲೆ ಶೇ. 9 ತೆರಿಗೆ 130.50. ಒಟ್ಟು 1,960.50. ಇದರ ಮೇಲೆ ಕಲ್ಲಿದ್ದಲು, ವಿದ್ಯುತ್ ಖರೀದಿಯ ಖರ್ಚು ನೋಡಿ ಬದಲಾಗುವ ಹೊಂದಾಣಿಕೆ ಶುಲ್ಕ ಬೇರೆ. ಕಾಲು ಭಾಗಕ್ಕೂ ಹೆಚ್ಚು ಹಣ ಯೂನಿಟ್ ದರದ ಹೊರಗಿದೆ!

ಈ ದರ ನಿಗದಿ ಮಾಡುವುದು 1999ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ. ಅದರ ಬಹಿರಂಗ ವಿಚಾರಣೆಯಲ್ಲಿ ನೀವೂ ಆಕ್ಷೇಪ ಹೇಳಬಹುದು. ಹೇಳಿದ್ದೀರಾ?

ಈಗ ಹೊಸ ರಾಗ ಕೇಳಿಬರುತ್ತಿದೆ: ಒಂದೇ ಊರಿಗೆ ಹಲವು ಕಂಪನಿ ಬರಲಿ, ಸಿಮ್ ಬದಲಿಸಿದಂತೆ ಕರೆಂಟ್ ಕಂಪನಿಯನ್ನೂ ಬದಲಿಸಿ! 2022ರಲ್ಲಿ ಲೋಕಸಭೆಗೆ ಬಂದ ಮಸೂದೆ ಅಂಗೀಕಾರವಾಗಲಿಲ್ಲ. 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಮತ್ತೊಂದು ಕರಡು ಹೊರಡಿಸಿತು.

ಅಮೆರಿಕದ ಟೆಕ್ಸಾಸ್ 2002ರಲ್ಲೇ ಈ ದಾರಿ ಹಿಡಿಯಿತು. ಡಲ್ಲಾಸ್, ಹ್ಯೂಸ್ಟನ್‌ಗೆ ಕೆಲಸಕ್ಕೆ ಹೋದ ನಮ್ಮ ಹುಡುಗರು ಅಲ್ಲಿ ಮನೆ ಹಿಡಿದ ಕೂಡಲೇ ಕರೆಂಟ್ ಮಾರುವ ಕಂಪನಿಯನ್ನು ತಾವೇ ಆರಿಸಬೇಕು. ಆದರೆ ತಂತಿ ಆ ಪ್ರದೇಶದ ಒಂದೇ ಕಂಪನಿಯದು. ಯಾರಿಂದ ಕೊಂಡರೂ ತಂತಿಯ ಬಾಡಿಗೆ ಅದೇ. ಪೈಪೋಟಿ ಇರುವುದು ಬಿಲ್ಲಿನ ಒಂದು ಭಾಗಕ್ಕೆ ಮಾತ್ರ. ಅಲ್ಲೂ ಚಮತ್ಕಾರವಿದೆ. ಕೆಲವು ಕಂಪನಿಗಳ ಅಗ್ಗದ ದರ 1,000 ಯೂನಿಟ್ ಮುಟ್ಟಿದರಷ್ಟೇ ಸಿಗುತ್ತದೆ. 999ಕ್ಕೆ ನಿಂತಿರೋ, ರಿಯಾಯಿತಿ ಹೋಯಿತು!

2021ರ ಫೆಬ್ರವರಿಯಲ್ಲಿ ಅಲ್ಲಿ ಹಿಮ ಸುರಿದು ವಿದ್ಯುತ್ ಸ್ಥಾವರಗಳು ನಿಂತವು. ಸಗಟು ಬೆಲೆ ಯೂನಿಟ್ಟಿಗೆ 9 ಡಾಲರ್ ಮುಟ್ಟಿತು. ಸಗಟು ಬೆಲೆಗೇ ಕರೆಂಟ್ ಸಿಗುತ್ತದೆಂದು ಕರಾರು ಮಾಡಿಕೊಂಡಿದ್ದ ಮನೆಗಳಿಗೆ ಕೆಲವೇ ದಿನಗಳಲ್ಲಿ ಸಾವಿರಾರು ಡಾಲರ್ ಬಿಲ್! ಆಮೇಲೆ ಅದೇ ವರ್ಷ ಆ ರಾಜ್ಯ ಮನೆಗಳಿಗೆ ಅಂಥ ಕರಾರನ್ನೇ ನಿಷೇಧಿಸಿತು. ಕುದುರೆ ಓಡಿಹೋದ ಮೇಲೆ ಲಾಯಕ್ಕೆ ಬೀಗ!

ಪೈಪೋಟಿ ಬೇಡ ಎಂದು ನಾನು ಹೇಳುತ್ತಿಲ್ಲ. ಈಗಿನ ಕಂಪನಿಗಳೇನೂ ಸಾಚಾ ಅಲ್ಲ. ಆದರೆ ಹೊಸ ಕಂಪನಿ ಬಾಗಿಲು ತಟ್ಟಿದರೆ ನಾಲ್ಕು ಪ್ರಶ್ನೆ ಕೇಳಿ: ತಂತಿಯ ಬಾಡಿಗೆ ಎಷ್ಟು? ನಿಗದಿತ ಶುಲ್ಕ ಎಷ್ಟು? ದರ ಎಷ್ಟು ತಿಂಗಳು ಬದಲಾಗುವುದಿಲ್ಲ? ಕರಾರು ಕನ್ನಡದಲ್ಲಿದೆಯೇ?

ಈ ತಿಂಗಳ ಬಿಲ್ ಬಂದಾಗ ಪೆನ್ಸಿಲ್ ಹಿಡಿದು ಕೂತುಕೊಳ್ಳಿ. ಒಂದೊಂದು ಸಾಲನ್ನೂ ಕೂಡಿ ನೋಡಿ. ಇವತ್ತಿನ ಬಿಲ್ಲೇ ಅರ್ಥವಾಗದವನು ನಾಳೆ ಹತ್ತು ಕಂಪನಿಗಳ ನಡುವೆ ಆರಿಸುವುದಾದರೂ ಹೇಗೆ?